ಎಳ್ಳುಪ್ಪಿನ ಪಥ್ಯ ಮುರಿದ ನಮ್ಮತ್ತಿಗೆ

ಮೆಕಾಂಗ್ ನದಿ ಸೀಮೆಯ ನಮ್ಮ ದೋಣಿಸಂತೆಯಲ್ಲಿ ಅತ್ತಿಗೆ ಥೋವಾಳಿಗೆ ಬಾಯಿ ಕೊಟ್ಟು ಗೆದ್ದವರಿಲ್ಲ. ದೋಣಿಯಲ್ಲೇ ಒಲೆ ಹೂಡಿ ಮೀನಿನ ಸಾರು, ಶಾವಿಗೆ ಮಾರುತ್ತಾಳೆ. ನಮ್ಮಣ್ಣ ಖಾಂಗ್ ಅನಾನಸ್ ಸಾಗಿಸುವವನು. ಮಾತು ಕಡಿಮೆ, ಹಟ ಜಾಸ್ತಿ.

ಅಣ್ಣನಿಗೆ ಗುದನಾಳದಲ್ಲಿ ಕ್ಯಾನ್ಸರ್ ಗಡ್ಡೆ ಬಂತು. ಮೊದಲು ರೇಡಿಯೇಶನ್, ಕೀಮೋ, ಆಮೇಲೆ ಆಪರೇಷನ್ ಎಂದರು ಡಾಕ್ಟರು. ಅಣ್ಣ ಹೂಂ ಎಂದ. ಆದರೆ ಮೀನು ಮಾಂಸ ತಿಂದರೆ ಗಡ್ಡೆ ಕೊಬ್ಬುತ್ತದೆ, ಅದನ್ನು ಉಪವಾಸ ಕೆಡವಬೇಕು ಎಂದು ಪಕ್ಕದ ದೋಣಿಯವರು ಕಿವಿಯಲ್ಲಿ ಊದಿದರು. ನಮ್ಮ ಜನಕ್ಕೆ ಇಂಥ ಮಾತೆಂದರೆ ಪ್ರಾಣ. ಅಣ್ಣ ಬರೀ ಕೆಂಪಕ್ಕಿ ಅನ್ನ, ಹುರಿದ ಎಳ್ಳಿಗೆ ಉಪ್ಪು ಬೆರೆಸಿ ಕುಟ್ಟಿದ ಎಳ್ಳುಪ್ಪು ಹಿಡಿದು ಕೂತ. ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು, ಮೈಯಲ್ಲಿ ರಕ್ತ ಕಡಿಮೆಯಾಯಿತು.

ಡಾಕ್ಟರು ರೇಗಿದರು. "ಗಡ್ಡೆ ಎಷ್ಟು ಕರಗುತ್ತೆ, ಪಕ್ಕದ ಗ್ರಂಥಿಗಳಿಗೆ ಹಬ್ಬಿದೆಯಾ, ಮುಂದಿನ ಗತಿ ಅದರ ಮೇಲಿದೆ. ಅದು ನಿಮ್ಮ ಕೈಲಿಲ್ಲ. ಸೊರಗದೆ ಚಿಕಿತ್ಸೆ ಮುಗಿಸೋದು ನಿಮ್ಮ ಕೈಲಿದೆ. ಹೀಗೇ ಇದ್ರೆ ಅರ್ಧಕ್ಕೆ ನಿಲ್ಲಿಸ್ಬೇಕಾಗುತ್ತೆ."

ಅಣ್ಣ ಜಗ್ಗಲಿಲ್ಲ. ಅತ್ತಿಗೆ ಅವತ್ತು ಜಗಳಕ್ಕೆ ನಿಲ್ಲಲಿಲ್ಲ, ನನಗೆ ಅದೇ ಭಯವಾಯಿತು. ತನ್ನ ಬಟ್ಟಲಿಗೂ ಕೆಂಪಕ್ಕಿ, ಎಳ್ಳುಪ್ಪು ಹಾಕಿಕೊಂಡಳು.

"ನಿಂಗ್ಯಾಕೆ ಇದು? ನಿಂಗೇನು ರೋಗ?" ಎಂದ ಅಣ್ಣ.

"ನೀವು ಹೋದ್ಮೇಲೆ ನಂಗೂ ಉಪವಾಸಾನೇ. ಈಗಿಂದ್ಲೇ ಅಭ್ಯಾಸ ಆಗ್ಲಿ."

ಊರಿಗೆಲ್ಲ ಮೀನಿನ ಸಾರು ಬಡಿಸಿ ಬಂದು ಎಳ್ಳುಪ್ಪು ನೆಕ್ಕುತ್ತಿದ್ದಳು. ಅವಳ ಕೆನ್ನೆಯೂ ಒಳಸೇರಿತು. ಒಂದು ಬೆಳಿಗ್ಗೆ ಹುಟ್ಟು ಹಾಕುತ್ತಿದ್ದವಳು ಕಣ್ಣು ಕತ್ತಲಿಟ್ಟು ಕುಸಿದಳು. ಅಣ್ಣ ಅವಳನ್ನು ಎತ್ತಿ ಒರಗಿಸಿಕೊಂಡು, ಅವಳದೇ ಪಾತ್ರೆಯಿಂದ ಸಾರು ಬಗ್ಗಿಸಿ ಬಾಯಿಗಿಟ್ಟ.

"ಕುಡಿಯೇ, ಹಟಮಾರಿ."

"ಮೊದ್ಲು ನೀವು."

ಅಣ್ಣ ಕುಡಿದ. ಅಳುತ್ತಲೇ ಮೀನಿನ ತುಂಡನ್ನೂ ತಿಂದ.

ಚಿಕಿತ್ಸೆ ಪೂರ್ತಿ ಮುಗಿಯಿತು, ಆಪರೇಷನ್ನೂ ಆಯಿತು. ಗಡ್ಡೆ ಬಹುಪಾಲು ಕರಗಿತ್ತು, ಗ್ರಂಥಿಗಳಲ್ಲಿ ಏನೂ ಇಲ್ಲ, ಆದರೂ ವರ್ಷಗಟ್ಟಲೆ ತಪಾಸಣೆಗೆ ಬರಬೇಕು ಎಂದರು ಡಾಕ್ಟರು. ಸಾರು ಕುಡಿದೇ ವಾಸಿಯಾಯಿತು ಎನ್ನುವಷ್ಟು ಪೆದ್ದಿ ನಾನಲ್ಲ. ಆದರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲಲಿಲ್ಲವಲ್ಲ, ಅದು ನಮ್ಮತ್ತಿಗೆ ಮಾಡಿದ್ದು. ಯಾರ ಮುಂದಾದರೂ ಎದೆ ತಟ್ಟಿ ಹೇಳುತ್ತೇನೆ.

"ಅಷ್ಟು ಸೊರಗಿದ್ರಿ, ಊಟ ಹೇಗೆ ಶುರು ಮಾಡಿದ್ರಿ?" ಎಂದು ಡಾಕ್ಟರು ಕೇಳಿದರು.

ಹೆಂಡತಿಯನ್ನು ನಾಲ್ಕು ಜನರೆದುರು ಹೊಗಳಿ ಗೊತ್ತಿಲ್ಲದ ಅಣ್ಣ ಅವಳ ಕೈ ಹಿಡಿದುಕೊಂಡ.

"ಇವಳು ನನ್ ಜೊತೆ ಸಾಯೋಕೆ ಕೂತ್ಬಿಟ್ಲು ಡಾಕ್ಟ್ರೇ. ಇವಳನ್ನ ಉಳಿಸ್ಬೇಕಲ್ಲ, ಅದಕ್ಕೇ ತಿಂದೆ."