ಅತ್ತೆಯ ಮುಷ್ಟಿಯಲ್ಲಿದ್ದದ್ದು

ಮೊನ್ನೆ ಕಾರವಾರದ ಮೀನುಪೇಟೆಯಲ್ಲಿ ಒಬ್ಬಾಕೆ ಒಣ ಸಿಗಡಿಯ ಚೀಲ ಬಿಚ್ಚಿದಳು. ಆ ವಾಸನೆ ಮೂಗಿಗೆ ಬಡಿದದ್ದೇ, ಅಂಕೋಲೆಯ ನಮ್ಮ ಹಳೇ ಮನೆ ಕಣ್ಣೆದುರು ಬಂತು. ಅದರೊಳಗೆ ಅತ್ತೆ...

ಮೊದಲು ಮನೆಯನ್ನು ಸರಿಯಾಗಿ ಹೇಳಬೇಕು. ಜಗುಲಿ ದಾಟಿದರೆ ನಡುಮನೆ. ಅದರ ಹಿಂಗೋಡೆಯಲ್ಲಿ ಸಾಲಾಗಿ ಮೂರು ಬಾಗಿಲು: ದೇವರ ಕೋಣೆ, ಕತ್ತಲೆ ಕೋಣೆ, ಅಡುಗೆಮನೆ. ಕತ್ತಲೆ ಕೋಣೆಗೆ ಕಿಟಕಿಯಿರಲಿಲ್ಲ. ಮಳೆಗಾಲಕ್ಕೆಂದು ಕೂಡಿಟ್ಟ ಒಣಮೀನಿನ ಭರಣಿಗಳು ಅಲ್ಲೇ ಇರುತ್ತಿದ್ದವು. ಅತ್ತೆ ಮಲಗುತ್ತಿದ್ದದ್ದೂ ಅಲ್ಲೇ. ಜಗುಲಿಯಲ್ಲಿ ಕೂತವರಿಗೆ ನಡುಮನೆಯ ದಪ್ಪ ಕಂಬ ಅಡ್ಡವಾಗುತ್ತಿತ್ತು. ಮೊದಲೆರಡು ಬಾಗಿಲುಗಳಲ್ಲಿ ಯಾರು ಯಾವುದರಿಂದ ಬಂದರೆಂದು ತಿಳಿಯುತ್ತಿರಲಿಲ್ಲ. ಇದು ನನಗೆ ಹೊಳೆದದ್ದು ತಡವಾಗಿ.

ಅತ್ತೆ ಅಪ್ಪನ ತಂಗಿ. ಗಂಡ ತೀರಿದ ಮೇಲೆ, ಸದಾಶಿವಗಡದಲ್ಲಿ ಮೈದುನರ ಕಾಟ ತಡೆಯದೆ ತವರಿಗೆ ಬಂದವಳು. ಗಂಡನಿಲ್ಲದವಳು ಮೀನು ತಿನ್ನುವುದು ನಮ್ಮ ಮನೆಯಲ್ಲಿ ಆಗ ನಿಷಿದ್ಧ. ನಾವು ಊಟಕ್ಕೆ ಕೂತರೆ ಅವಳು ಹಿತ್ತಲಿಗೆ ಎದ್ದು ಹೋಗುತ್ತಿದ್ದಳು. ನನ್ನನ್ನು ಕಂಡರೆ ಅವಳಿಗೆ ತಮಾಷೆ. "ಎಂತ ನೋಡ್ತೆ ಮಾರಾಯ್ತಿ? ಪೊಲೀಸರು ಬಾಡಿಗೆಗೆ ಇಟ್ಟಿದ್ರೋ ನಿನ್ನ?"

ಒಂದು ಮಧ್ಯಾಹ್ನ ಅವಳು ಕಂಬದ ಮರೆಯಿಂದ ಬಂದು, ಸೆರಗಿನಡಿ ಮುಷ್ಟಿ ಬಿಗಿಹಿಡಿದು ಹಿತ್ತಲಿಗೆ ನಡೆದದ್ದನ್ನು ನಾನು ಜಗುಲಿಯಿಂದ ಕಂಡೆ. ಸಂಜೆ ದೀಪ ಹಚ್ಚುವಾಗ ದೇವಿಯ ಮೂಗಿನ ಏಳು ಕಲ್ಲಿನ ನತ್ತು ಇರಲಿಲ್ಲ. ಮಧ್ಯಾಹ್ನ ಕಂಡದ್ದನ್ನು ನಾನು ಹೇಳಿದೆ.

"ದೇವರ ಕೋಣೆ ಕಡಿಂದ ಬಂದ್ಳೇನೇ ನಿನ್ನತ್ತೆ?" ಅಪ್ಪ ನನ್ನನ್ನು ಕೇಳಿದ.

"ಹೌದು" ಎಂದೆ.

ಅಪ್ಪ ಅತ್ತೆಯತ್ತ ತಿರುಗಿದ. "ಕೈಲಿ ಎಂತ ಇತ್ತು? ಹೇಳ್ಬಿಡು, ಮುಗೀತು."

"ಎಂತದೂ ಇಲ್ಲ ಅಣ್ಣಾ."

ಮರುದಿನ ಬೆಳಿಗ್ಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಸಂದಿಯಲ್ಲಿ ಒಣ ಸಿಗಡಿಯ ತಲೆಗಳನ್ನು ಕಂಡೆ. ಇರುವೆಗಳು ಮುತ್ತಿದ್ದವು. ಆಗ ತಿಳಿಯಿತು. ಅತ್ತೆಯ ಮಾನ ಉಳಿಸುತ್ತೇನೆಂದುಕೊಂಡು ಎರಡು ತಂಬಿಗೆ ನೀರು ಹೊಯ್ದು ಕಲ್ಲು ತೊಳೆದೆ. ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಅಪ್ಪ ಅವಳನ್ನು ಸದಾಶಿವಗಡಕ್ಕೆ ಬಿಟ್ಟು ಬಂದ.

ಮುಂದಿನ ಮಳೆಗಾಲದ ಹೊತ್ತಿಗೆ ದೇವಿಯ ಮೂಗಿನಲ್ಲಿ ನತ್ತು ಮತ್ತೆ ಕಂಡಿತು. "ಹೊಸದು ಮಾಡಿಸ್ದೆ" ಅಂದ ಅಪ್ಪ. ನಾನು ಹತ್ತಿರ ಹೋಗಿ ನೋಡಿದೆ. ಹಳೆಯದರಲ್ಲಿ ಬಲಗಡೆಯ ಒಂದು ಕಲ್ಲು ಉದುರಿತ್ತು, ಇದರಲ್ಲೂ ಉದುರಿತ್ತು. ಕಲ್ಲುಗಳ ನಡುವೆ ಕೆಮ್ಮಣ್ಣು. ಬಾಡಿದ ಹೂವಿನ ಜೊತೆ ಅದನ್ನು ತಿಳಿಯದೆ ತೆಗೆದು ಹಿತ್ತಲಿನ ಪಾರಿಜಾತದ ಬುಡಕ್ಕೆ ಎಸೆದದ್ದು ದಿನವೂ ಪೂಜೆ ಮಾಡುವ ಅಪ್ಪನೇ ಇರಬೇಕು... ಮಳೆಗಾಲಕ್ಕೆ ಮೊದಲು ಆ ಬುಡವನ್ನು ಅಗೆದದ್ದೂ ಅವನೇ. ಅತ್ತೆಯನ್ನು ಮಾತ್ರ ಕರೆತರಲಿಲ್ಲ.

ಈಗ ಅಪ್ಪನಿಲ್ಲ. ಅತ್ತೆಯೂ ಸದಾಶಿವಗಡದಲ್ಲೇ ತೀರಿಕೊಂಡಳು. ಪೇಟೆಯಿಂದ ಬಂದ ದಿನ ಅಮ್ಮನನ್ನು ಕೇಳಿಯೇಬಿಟ್ಟೆ.

"ಅತ್ತೆ ಕೈಲಿ ಏನಿತ್ತು ಅಂತ ನಿಂಗೆ ಗೊತ್ತಿತ್ತಾ?"

"ಭರಣಿ ತುಂಬ್ತಿದ್ದವ್ಳು ನಾನೇ ಅಲ್ದಾ? ಕಮ್ಮಿ ಆದ್ರೆ ತಿಳೀದಾ?"

"ಮತ್ತೆ ಅಪ್ಪಂಗೆ ಯಾಕೆ ಹೇಳ್ಲಿಲ್ಲ?"

ಅಮ್ಮ ನನ್ನನ್ನೇ ನೋಡಿದಳು. "ಕಲ್ಲು ತೊಳೀತಿದ್ದೆ ನೀನು. ಅಡಿಗೆಮನೆ ಹಿಂಬಾಗ್ಲಲ್ಲಿ ನಿಂತಿದ್ದೆ ನಾನು. ನೀ ಯಾಕೆ ಹೇಳ್ಲಿಲ್ಲ?"

ಆ ಪ್ರಶ್ನೆಯನ್ನು ನನಗೆ ಕೇಳಬೇಕಾದವಳು ಅತ್ತೆ. ಅವಳು ಕೇಳದೆಯೇ ಹೋದಳು.