ಗೋಡೆಯ ಮೇಲಿನ ಕತ್ತರಿ ನೆರಳು

ಆ ಊರಿನಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದವರು ಇಬ್ಬರೇ, ಪಾಠ ಹೇಳಿದ ಮೇಷ್ಟರು ಮತ್ತು ಸಾಕಿ ಬೆಳೆಸಿದ ಅಕ್ಕ. ಮೇಷ್ಟರು ತೀರಿಕೊಂಡರು. ಅಕ್ಕ ಐವತ್ತು ದಾಟಿದ ಈ ತಮ್ಮನನ್ನು ಈಗಲೂ ಮರಿ ಎಂದೇ ಕರೆಯುತ್ತಾಳೆ. ಮಿಕ್ಕವರಿಗೆಲ್ಲ ಅವನು ನೀಟಪ್ಪ. ಅವನ ಫೋಟೋ ಸ್ಟುಡಿಯೋದೊಳಗೆ ಕಾಲಿಟ್ಟವರಿಗೆ ಆ ಹೆಸರು ಯಾಕೆ ಬಂತೆಂದು ಬೇರೆ ಹೇಳಬೇಕಾಗಿರಲಿಲ್ಲ. ಹತ್ತಡಿ ಉದ್ದ, ಎಂಟಡಿ ಅಗಲದ ಕೋಣೆ. ಚಪ್ಪಲಿಯನ್ನು ಹೊರಗೆ ಬಿಡಬೇಕು, ಅದೂ ಗೋಡೆಗೆ ಸಮನಾಗಿ. ಕನ್ನಡಿಯ ಕೆಳಗಿನ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡವರು ಅದರ ಹಲ್ಲಿಗೆ ಸಿಕ್ಕಿದ ಕೂದಲನ್ನು ತಾವೇ ತೆಗೆದು ಬುಟ್ಟಿಗೆ ಹಾಕಬೇಕು. ಹಾಕದಿದ್ದರೆ ಅವನು ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಅವರ ಎದುರಿಗೇ ಬಾಚಣಿಗೆಯನ್ನು ಮೂರು ಸಲ ತೊಳೆಯುತ್ತಿದ್ದ.

ಫೋಟೋದಲ್ಲೂ ಅದೇ ಚಾಳಿ. ಮೊಡವೆ, ಮಚ್ಚೆ, ಕಣ್ಣಿನ ಕೆಳಗಿನ ಕಪ್ಪು, ಅಂಗಿಯ ಮೇಲಿನ ಕಲೆ, ಯಾವುದನ್ನೂ ಉಳಿಸುತ್ತಿರಲಿಲ್ಲ. ಒಮ್ಮೆ ಒಬ್ಬ ಬಡಗಿ ಗುರುತಿನ ಚೀಟಿಗೆಂದು ಫೋಟೋ ತೆಗೆಸಿಕೊಂಡು ಹೋದ. ಹುಬ್ಬಿನ ಮೇಲೆ ಗಾಯದ ಗುರುತಿದೆ ಎಂದು ಅರ್ಜಿಯಲ್ಲಿ ಬರೆದಿತ್ತು. ಫೋಟೋದಲ್ಲಿ ಹುಬ್ಬು ನುಣ್ಣಗೆ ಹೊಳೆಯುತ್ತಿತ್ತು. ಅರ್ಜಿ ವಾಪಸು ಬಂತು. ಬಡಗಿ ಸ್ಟುಡಿಯೋದ ಮುಂದೆ ಬಂದು ಕೂತು ನನ್ನ ಗಾಯ ನನಗೆ ಕೊಡು ಎಂದು ಪಟ್ಟು ಹಿಡಿದಾಗ ಬೀದಿಯೆಲ್ಲ ನಕ್ಕಿತು. ನೀಟಪ್ಪನೂ ನಕ್ಕ. ನನ್ನನ್ನು ಕೇಳಿದರೆ, ಅವತ್ತೇ ಯಾರಾದರೂ ಅವನ ಕಿವಿ ಹಿಂಡಬೇಕಿತ್ತು.

ಊರಿನ ಮೇಲ್ಗಡೆ, ಎರಡು ಗುಡ್ಡಗಳ ನಡುವೆ ಅಡ್ಡಗಟ್ಟಿದ ಒಂದು ಜಲಾಶಯವಿತ್ತು. ಕಟ್ಟೆಯ ಒಳಗೆ ಮಣ್ಣು, ಹೊರಗೆ ಕಲ್ಲು, ಕಲ್ಲಿನ ಮೇಲೆ ಬಿಳಿ ಗಾರೆ. ಕಟ್ಟೆಯ ಬುಡದಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಮೂವತ್ತೆರಡು ಮನೆಗಳ ಒಂದು ಬೀದಿ. ಅಕ್ಕನ ಮನೆ ಇದ್ದದ್ದು ಅಲ್ಲೇ. ಅಕ್ಕ, ಅವಳ ಮಗಳು, ಇನ್ನೂ ನೆಟ್ಟಗೆ ನಡೆಯಲು ಬಾರದ ಒಂದು ಮೊಮ್ಮಗು. ಮೊದಲೆಲ್ಲ ಒಬ್ಬ ಕಾವಲುಗಾರ ದಿನವೂ ಕಟ್ಟೆಯ ಉದ್ದಕ್ಕೆ ನಡೆದು ಗೋಡೆಗೆ ಅಂಗೈ ಒತ್ತಿ ನೋಡುತ್ತಿದ್ದ. ಅವನು ನಿವೃತ್ತನಾದ ಮೇಲೆ ನೀರಿನ ಇಲಾಖೆಯವರು ಆ ಜಾಗಕ್ಕೆ ಇನ್ನೊಬ್ಬನನ್ನು ತರಲಿಲ್ಲ. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಗೋಡೆಯ ಫೋಟೋ ತೆಗೆದು ಹೋದ ತಿಂಗಳದ್ದರ ಪಕ್ಕ ಇಟ್ಟು ನೋಡಿದರೆ ಸಾಕು, ಏನೇ ಬದಲಾದರೂ ತಿಳಿಯುತ್ತದೆ ಎಂದು ಇಂಜಿನಿಯರು ತೀರ್ಮಾನಿಸಿದ. ಅಚ್ಚುಕಟ್ಟಾಗಿ ಕೆಲಸ ಮಾಡುವವರು ಯಾರೆಂದು ವಿಚಾರಿಸಿದರೆ ಊರೆಲ್ಲ ಒಂದೇ ಕಡೆ ಬೆರಳು ತೋರಿಸಿತು.

ಕೆಲಸ ಕೇಳಿದಷ್ಟು ಸುಲಭವಿರಲಿಲ್ಲ. ಗೋಡೆಯ ಮೇಲೆ ಎಲ್ಲೂ ನೆರಳು ಬೀಳದ ಹೊತ್ತೆಂದು ಇಂಜಿನಿಯರು ಬೆಳಗಿನ ಹನ್ನೊಂದು ಗಂಟೆಯನ್ನು ಗೊತ್ತುಮಾಡಿದ್ದ. ಬಿಸಿಲು ನೇರವಾಗಿ ಬಿಳಿ ಗಾರೆಗೆ ರಾಚುವ ಹೊತ್ತು ಅದು. ಗೋಡೆಯ ಬುಡದಲ್ಲಿ, ತೂಬಿನ ನೀರು ಬಂದು ಬೀಳುವ ಕೊಳದಲ್ಲಿ ನೀರಿನ ಮಟ್ಟ ತೋರಿಸುವ ಅಳತೆ ಕಂಬವಿತ್ತು, ಅದೂ ಫೋಟೋದಲ್ಲಿ ಬರಬೇಕಿತ್ತು, ಅಲೆಗಳ ಕುಣಿತದಲ್ಲಿ ಅದರ ಅಂಕಿ ಓದಲು ಬರುತ್ತಿರಲಿಲ್ಲ. ಕ್ಯಾಮೆರಾದ ಕಣ್ಣನ್ನು ನಾಲ್ಕೈದು ಸೆಕೆಂಡು ತೆರೆದಿಟ್ಟರೆ ಅಲೆಗಳು ಅಳಿಸಿಹೋಗಿ ನೀರು ಗಾಜಿನ ಹಾಗೆ ಕಾಣುತ್ತದೆ. ಆದರೆ ಆ ಬಿಸಿಲಿನಲ್ಲಿ ಅಷ್ಟು ಹೊತ್ತು ತೆರೆದಿಟ್ಟರೆ ಫೋಟೋದಲ್ಲಿ ಉಳಿಯುವುದು ಬರೀ ಬಿಳಿ. ಅದಕ್ಕೆಂದೇ ನೀಟಪ್ಪ ಲೆನ್ಸಿನ ಮುಂದೆ ಕೂರಿಸುವ ಕಪ್ಪು ಫಿಲ್ಟರ್ ಒಂದನ್ನು ಕೊಂಡುತಂದ. ವೇರಿಯಬಲ್ ಎನ್‌ಡಿ ಎಂದು ಅದರ ಹೆಸರು. ಒಂದರ ಮುಂದೊಂದು ಎರಡು ಗಾಜು, ಸುತ್ತ ಒಂದು ಬಳೆ. ಬಳೆಯನ್ನು ಮುಂದಕ್ಕೆ ತಿರುಗಿಸಿದರೆ ಸಂಜೆಯಾದಂತೆ ಬೆಳಕು ಇಳಿಯುತ್ತದೆ, ಹಿಂದಕ್ಕೆ ತಿರುಗಿಸಿದರೆ ಮತ್ತೆ ಬೆಳಗಾಗುತ್ತದೆ. ಸೂರ್ಯನನ್ನೇ ಎರಡು ಬೆರಳಿನಲ್ಲಿ ಹಿಡಿದುಕೊಂಡವನಂತೆ ನೀಟಪ್ಪ ಒಂದು ವಾರ ಬೀಗಿದ.

ಮಾರಿದ ಅಂಗಡಿಯವನು ಒಂದೇ ಒಂದು ಎಚ್ಚರಿಕೆ ಕೊಟ್ಟಿದ್ದ. ಅಗಲದ ನೋಟದ ಲೆನ್ಸಿಗೆ ಹಾಕಿ ಬಳೆಯನ್ನು ಕೊನೆಯವರೆಗೆ ತಿರುಗಿಸಬೇಡಿ, ಚಿತ್ರದ ಮೇಲೆ ಮೂಲೆಯಿಂದ ಮೂಲೆಗೆ ಕತ್ತರಿಯಂತೆ ಕಪ್ಪು ನೆರಳು ಬೀಳುತ್ತದೆ, ಅದು ಆ ಗಾಜಿನ ಗುಣ, ಯಾರೂ ಏನೂ ಮಾಡುವ ಹಾಗಿಲ್ಲ ಎಂದು. ಆದರೆ ಇಡೀ ಗೋಡೆ ಹಿಡಿಸಲು ಅಗಲದ ಲೆನ್ಸೇ ಬೇಕು, ಅಂಥ ಬಿಸಿಲಿಗೆ ಬಳೆಯನ್ನು ಕೊನೆಯವರೆಗೆ ತಿರುಗಿಸದೆ ಗತಿಯಿರಲಿಲ್ಲ. ಮೊದಲ ತಿಂಗಳೇ ಗೋಡೆಯ ಮೇಲೆ ಕತ್ತರಿ ನೆರಳು ಬಿತ್ತು. ಇಂಥದ್ದಕ್ಕೆಲ್ಲ ಹೆದರುವ ಆಸಾಮಿಯಲ್ಲ ನೀಟಪ್ಪ. ಕಂಪ್ಯೂಟರಿನ ಮುಂದೆ ಎರಡು ತಾಸು ಕೂತು ನೆರಳಿನ ನಾಲ್ಕು ಕಾಲುಗಳನ್ನೂ ಒಂದೊಂದಾಗಿ ಒರೆಸಿದ. ಪಕ್ಕದ ಬಿಳಿಯನ್ನೇ ಎತ್ತಿ ಕಪ್ಪಿನ ಮೇಲೆ ಬಳಿದ. ಇಂಜಿನಿಯರು ಭೇಷ್ ಎಂದ. ಹೀಗೆ ಐದು ತಿಂಗಳು ನಡೆಯಿತು. ಕಪ್ಪು ನೆರಳಿದ್ದ ಮೂಲ ಫೋಟೋಗಳನ್ನು ಅವನು ಅಳಿಸಿಯೂ ಬಿಡುತ್ತಿದ್ದ. ಗಲೀಜನ್ನು ಇಟ್ಟುಕೊಂಡು ಯಾರಿಗೆ ತೋರಿಸಬೇಕು ಎಂಬುದು ಅವನ ನ್ಯಾಯ.

ಆರನೆಯ ತಿಂಗಳು ಅದೇ ಜಾಗದಲ್ಲಿ ಮೂರುಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಬಳೆ ತಿರುಗಿಸಿ, ಹನ್ನೊಂದಾಗುವುದನ್ನು ಕಾಯುತ್ತ ನಿಂತ. ಗಾಳಿಯಿರಲಿಲ್ಲ. ಯಾವತ್ತೂ ಗೋಡೆಯ ಮೇಲೆ ಸಾಲಾಗಿ ಕೂತಿರುತ್ತಿದ್ದ ಹಕ್ಕಿಗಳೂ ಇರಲಿಲ್ಲ, ಅದನ್ನು ಅವನು ಗಮನಿಸಿದ್ದು ಆಮೇಲೆ. ಅಷ್ಟರಲ್ಲಿ ತೆಳುವಾದ ಒಂದು ಮೋಡ ಬಿಸಿಲಿಗೆ ಅಡ್ಡ ಬಂತು. ಬೆಳಕು ಕಡಿಮೆಯಾಯಿತಲ್ಲ ಎಂದು ಬಳೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದ. ಕತ್ತರಿ ನೆರಳು ಮಾಯವಾಗಬೇಕಿತ್ತು. ಮೇಲಿನ ಎರಡು ಕಾಲು ಹೋದವು, ಬಲಗಡೆಯ ಕೆಳಗಿನದೂ ಹೋಯಿತು. ಎಡಗಡೆಯ ಕೆಳಗಿನ ಕಾಲು ಮಾತ್ರ ಇದ್ದಲ್ಲೇ ಇತ್ತು.

ಗಾಜಿಗೆ ಕೊಳೆ ಹಿಡಿದಿರಬೇಕು ಎಂದುಕೊಂಡು ಒರೆಸಿದ. ಇನ್ನೂ ಇತ್ತು. ಕ್ಯಾಮೆರಾವನ್ನೇ ಸ್ವಲ್ಪ ಪಕ್ಕಕ್ಕೆ ಸರಿಸಿ ನೋಡಿದ. ಗಾಜಿನ ನೆರಳಾದರೆ ಚೌಕಟ್ಟಿನ ಜೊತೆಗೆ ಸರಿಯಬೇಕು. ಇದು ಗೋಡೆಯ ಜೊತೆಗೆ ನಿಂತಿತು. ಮೋಡ ಸರಿದು ಬಿಸಿಲು ಬಂದಾಗ ಫಿಲ್ಟರನ್ನು ಬಿಚ್ಚಿ ಬರಿಗಣ್ಣಿನಿಂದ ನೋಡಿದರೆ ಅಲ್ಲಿ ಗೆರೆಯೇ ಇಲ್ಲ, ಬಿಸಿಲಿಗೆ ಬೆಳ್ಳಗೆ ಹೊಳೆಯುವ ಗಾರೆ ಅಷ್ಟೆ. ಫಿಲ್ಟರನ್ನು ಕಣ್ಣಿಗೆ ಹಿಡಿದರೆ ಮತ್ತೆ ಕಪ್ಪು. ಆಗ ಅವನಿಗೆ ಅರ್ಥವಾಯಿತು. ನೀರಿನ ಮೇಲಿನ ಹೊಳಪನ್ನು ಕಳೆದು ಒಳಗಿರುವುದನ್ನು ತೋರಿಸುವುದೂ ಆ ಗಾಜಿನ ಗುಣವೇ. ಅಲ್ಲಿ ಹೊಳೆಯುತ್ತಿದ್ದದ್ದು ಗಾರೆಯಲ್ಲ, ಒದ್ದೆ. ಗಾಜು ಐದು ತಿಂಗಳಿಂದ ಅದನ್ನು ತೋರಿಸುತ್ತಲೇ ಇತ್ತು, ಅವನು ಐದು ತಿಂಗಳಿಂದ ಕತ್ತರಿಯ ಕಾಲೆಂದು ಒರೆಸುತ್ತಲೇ ಇದ್ದ. 

ಕ್ಯಾಮೆರಾವನ್ನು ಅಲ್ಲೇ ಬಿಟ್ಟು ಗೋಡೆಯ ಬುಡಕ್ಕೆ ಓಡಿದ. ಗಾರೆಯಲ್ಲಿ ಓರೆಯಾಗಿ ಒಂದು ಬಿರುಕು, ಬೆರಳು ತೂರುವಷ್ಟು ಅಗಲ. ಅದರೊಳಗಿಂದ ಸದ್ದೇ ಇಲ್ಲದೆ ನೀರು ಇಳಿಯುತ್ತಿತ್ತು. ಹಿಂದೊಮ್ಮೆ ಆ ಕಾವಲುಗಾರ ಹೇಳಿದ್ದು ಅವನಿಗೆ ನೆನಪಿತ್ತು: ತಿಳಿನೀರು ಬಂದರೆ ಕಟ್ಟೆ ಬೆವರುತ್ತಿದೆ ಅಂತ, ಕೆಂಪು ನೀರು ಬಂದರೆ ಕಟ್ಟೆ ಒಳಗಿಂದ ಕರಗುತ್ತಿದೆ ಅಂತ. ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಬಿರುಕಿಗೆ ಒತ್ತಿ ಹಿಡಿದ. ತೆಗೆದು ನೋಡುವ ಧೈರ್ಯ ಬರಲು ಸ್ವಲ್ಪ ಹೊತ್ತು ಬೇಕಾಯಿತು. ಕರವಸ್ತ್ರ ಕೆಂಪಗಾಗಿತ್ತು, ಹಿಂಡಿದರೆ ಅಂಗೈಯಲ್ಲಿ ಮಣ್ಣು ಉಳಿಯಿತು.

ಇಲಾಖೆಯ ಕಚೇರಿ ತಲುಪಿದಾಗ ಹನ್ನೆರಡೂವರೆ. ಇಂಜಿನಿಯರು ಊಟದ ಡಬ್ಬಿ ಬಿಚ್ಚುತ್ತಿದ್ದ. ನೀಟಪ್ಪ ಒಂದೇ ಉಸಿರಿಗೆ ಎಲ್ಲ ಹೇಳಿದ, ತಾನು ಒರೆಸಿದ್ದನ್ನೂ ಮುಚ್ಚಿಡಲಿಲ್ಲ. ಈಗಲೇ ತೂಬು ತೆಗೆಸಿ ನೀರು ಇಳಿಸಿ, ಕೆಳಗಿನ ಬೀದಿಯವರನ್ನು ಹೊರಡಿಸಿ ಎಂದು ಬೇಡಿಕೊಂಡ. ಇಂಜಿನಿಯರು ಕೂತಲ್ಲೇ ಹಿಂದಕ್ಕೆ ತಿರುಗಿದ. ಅವನ ಬೆನ್ನ ಹಿಂದಿನ ಗೋಡೆಯಲ್ಲಿ ಐದು ತಿಂಗಳ ಐದು ಫೋಟೋಗಳು ಸಾಲಾಗಿದ್ದವು. ಒಂದಕ್ಕಿಂತ ಒಂದು ಶುಭ್ರ, ಪ್ರತಿಯೊಂದರ ಕೆಳಗೂ ಪರಿಶೀಲಿಸಿದೆ ಎಂದು ಇಂಜಿನಿಯರನ ಸಹಿ.

“ಇದರಲ್ಲಿ ಗೆರೆ ತೋರಿಸಿ ನೋಡೋಣ,” ಎಂದ ಇಂಜಿನಿಯರು.

ತೋರಿಸಲು ಏನಿತ್ತು? ಅಲ್ಲಿದ್ದದ್ದು ನೀಟಪ್ಪ ತಾನೇ ಬಳಿದ ಬಿಳಿ. ತೂಬು ತೆಗೆಯಲು ಮೇಲಿನವರ ಅಪ್ಪಣೆ ಬೇಕು, ನಾಳೆ ಬೆಳಿಗ್ಗೆ ಬಂದು ನೋಡುತ್ತೇವೆ, ಅಲ್ಲಿಯವರೆಗೆ ಯಾರ ಕಿವಿಗೂ ಹಾಕಿ ಜನರನ್ನು ಗಾಬರಿಪಡಿಸಬೇಡಿ ಎಂದು ಹೇಳಿ ಇಂಜಿನಿಯರು ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕಿದ. ಊಟ ಮುಟ್ಟಲಿಲ್ಲ. ಹೆದರಿಕೆ ಅವನಿಗೂ ಹತ್ತಿತ್ತು, ಆದರೆ ಅದು ಗೋಡೆಯ ಹೆದರಿಕೆಯೋ ಸಹಿಯ ಹೆದರಿಕೆಯೋ ಹೇಳುವುದು ಕಷ್ಟ. ಕುರ್ಚಿಯಲ್ಲಿ ಕೂತವರ ಈ ಜಾತಿಯ ಹೆದರಿಕೆ ಕಂಡರೆ ನನಗೆ ಮೈ ಉರಿಯುತ್ತದೆ.

ನೀಟಪ್ಪ ಅಲ್ಲಿಂದ ನೇರವಾಗಿ ಅಕ್ಕನ ಮನೆಗೆ ಬಂದ. ಅಕ್ಕ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಮಗಳು ಮಗುವಿಗೆ ಉಣ್ಣಿಸುತ್ತಿದ್ದಳು. ಅವನು ಕರವಸ್ತ್ರ ತೋರಿಸಿ, ಕಟ್ಟೆ ಸೋರುತ್ತಿದೆ, ಈಗಲೇ ಹೊರಡಿ ಎಂದ. ಅಕ್ಕ ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದ. ಅವಳು ಒದ್ದೆ ಸೀರೆಯನ್ನು ಕೊಡವಿ ತಂತಿಗೆ ಹಾಕಿ, ತಮ್ಮನ ಕಡೆ ತಿರುಗಿದಳು.

“ಗೋಡೆ ಒದ್ದೆಯಾಗಿರೋದು ನಮಗೇನು ಹೊಸದಲ್ಲ ಮರಿ. ನಾಲ್ಕು ತಿಂಗಳಿಂದ ಸಂಜೆ ಹೊತ್ತು ಇಲ್ಲಿಂದ ನೋಡಿದ್ರೆ ಕಾಣ್ಸುತ್ತೆ. ನಾವು ಹೆಂಗಸರೆಲ್ಲ ಇಲಾಖೆಗೆ ಹೋಗಿ ಅರ್ಜಿ ಕೊಟ್ಟು ಬಂದಿದ್ವಿ.”

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳೋಕೇನಿತ್ತು? ಹೋದ ವಾರ ಅವರು ನಿನ್ನ ಫೋಟೋಗಳನ್ನೇ ತಂದು ನಲ್ಲಿ ಹತ್ರ ಬೋರ್ಡಿಗೆ ಅಂಟಿಸಿದ್ರು. ಒಂದು ಗೆರೆ ಇಲ್ಲ. ಎದುರು ಮನೆಯವಳು ಮಕ್ಕಳನ್ನ ಕರ್ಕೊಂಡು ತವರಿಗೆ ಹೊರಟು ನಿಂತಿದ್ಲು. ನಾನೇ ಕೈ ಹಿಡಿದು ನಿಲ್ಲಿಸ್ದೆ. ನಮ್ಮ ಕಣ್ಣೇ ಸರಿಯಿಲ್ಲ ಕಣೇ, ಇದು ನನ್ನ ತಮ್ಮ ತೆಗೆದಿರೋದು, ಅವನು ಸುಳ್ಳು ಹೇಳೋನಲ್ಲ ಅಂದೆ.”

 ಆ ಗೆರೆಯನ್ನು ಒರೆಸಿದ್ದು ತಾನೇ ಎಂದು ನೀಟಪ್ಪ ಹೇಳಿದ. ಯಾಕೆ ಎಂದು ಅಕ್ಕ ಕೇಳಿದಳು. ಚೆನ್ನಾಗಿ ಕಾಣಲಿ ಅಂತ ಎಂದ. ತಾಯಿ ಸತ್ತಾಗ ಇವನನ್ನು ಸೊಂಟಕ್ಕೆ ಏರಿಸಿಕೊಂಡವಳು, ಅಂದಿನಿಂದ ಒಂದು ಏಟೂ ಹೊಡೆಯದವಳು ಅಕ್ಕ. ಅವತ್ತೂ ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಮಗಳಿಗೆ ಮಗುವನ್ನು ಎತ್ತಿಕೊಳ್ಳಲು ಹೇಳಿದಳು, ಆಮೇಲೆ ತಮ್ಮನ ರಟ್ಟೆ ಹಿಡಿದು ನಲ್ಲಿಯ ಹತ್ತಿರಕ್ಕೆ ಎಳೆದುಕೊಂಡು ಹೋದಳು.

“ನನ್ನ ಹತ್ರ ಹೇಳಿದ್ದನ್ನ ಇವರ ಹತ್ರಾನೂ ಹೇಳು,” ಎಂದಳು.

ನಲ್ಲಿಯ ಮುಂದೆ ಏಳೆಂಟು ಜನ ಕೊಡ ಹಿಡಿದು ನಿಂತಿದ್ದರು. ನೀಟಪ್ಪ ಹೇಳಿದ. ಯಾರೂ ಬೈಯಲಿಲ್ಲ, ಯಾರೂ ನಂಬಲೂ ಇಲ್ಲ. ಆಗ ಹೇಳಿದ್ದು ಸುಳ್ಳಾದರೆ ಈಗ ಹೇಳುವುದು ನಿಜವೆಂದು ಹೇಗೆ ನಂಬುವುದು ಎಂದು ಎದುರು ಮನೆಯವಳು ಕೇಳಿದಳು. ಅವನು ಬೋರ್ಡಿನಿಂದ ಫೋಟೋಗಳನ್ನು ಕಿತ್ತು ಹರಿದ. ಕಚೇರಿಯವರು ಅಂಟಿಸಿದ್ದನ್ನು ಹರಿದನಲ್ಲ ಎಂದು ಒಬ್ಬ ಮುದುಕ ಗೊಣಗಿದ. ಅಷ್ಟರಲ್ಲಿ ಯಾರದೋ ಕಣ್ಣು ಚರಂಡಿಯ ಮೇಲೆ ಬಿತ್ತು. ಬೆಳಿಗ್ಗೆ ಒಣಗಿದ್ದ ಚರಂಡಿಯಲ್ಲಿ ಗುಡ್ಡದ ಕಡೆಯಿಂದ ಕೆಂಪು ನೀರು ಸಣ್ಣಗೆ ಹರಿದು ಬರುತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಅತ್ತ ನೋಡಿದರು. ಕೊಡಗಳನ್ನು ಅಲ್ಲಲ್ಲೇ ಇಟ್ಟು ತಮ್ಮ ತಮ್ಮ ಮನೆಗಳಿಗೆ ಓಡಿದರು.

ಮುಂದಿನ ಅರ್ಧ ಗಂಟೆಯಲ್ಲಿ ನೀಟಪ್ಪ ಎಷ್ಟು ಬಾಗಿಲು ಬಡಿದನೋ ಅವನಿಗೇ ಲೆಕ್ಕವಿಲ್ಲ. ಜನ ಮಕ್ಕಳನ್ನು ಎತ್ತಿಕೊಂಡು, ಮುದುಕರನ್ನು ಕೈ ಹಿಡಿದು ನಡೆಸಿಕೊಂಡು ಎದುರಿನ ದಿಬ್ಬ ಹತ್ತಿದರು. ಅಕ್ಕನೂ ಮಗಳು ಮೊಮ್ಮಗುವಿನ ಜೊತೆ ಹೋದಳು, ಇವನ ಕಡೆ ತಿರುಗಿ ನೋಡಲಿಲ್ಲ. ಚರಂಡಿ ತುಂಬಿ ನೀರು ಬೀದಿಗೆ ಬಂತು. ಕಟ್ಟೆಯ ಕಡೆಯಿಂದ, ಯಾರೋ ಭಾರದ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದ ಹಾಗೆ, ಒಂದು ಸದ್ದು ಬಂದು ನಿಂತಿತು.

ಕೊನೆಯ ಮನೆ ಗೋಡೆಗೆ ಎಲ್ಲಕ್ಕಿಂತ ಹತ್ತಿರ. ಅಲ್ಲಿ ಒಬ್ಬ ಅಜ್ಜಿ ಒಬ್ಬಳೇ ಇದ್ದಳು. ಬಾಗಿಲು ತೆರೆದೇ ಇತ್ತು. ಒಳಗೆ ಮಂಚದ ಮೇಲೆ ಕಾಲು ನೀಡಿಕೊಂಡು ಕೂತು ಹರಿದ ದಿಂಬಿಗೆ ಹೊಲಿಗೆ ಹಾಕುತ್ತಿದ್ದಳು. ಹೊಸ್ತಿಲಿನ ಆಚೆ ನಿಂತು ಅವನು, ಏಳಿ ಅಜ್ಜಿ, ಗೋಡೆ ಹೋಗ್ತಿದೆ ಎಂದು ಕೂಗಿದ. ಅಜ್ಜಿ ಸೂಜಿಯಿಂದ ಕಣ್ಣೆತ್ತಿ, ಹೆದರಿದ ಮಗುವನ್ನು ಸಮಾಧಾನಪಡಿಸುವವಳಂತೆ ನಕ್ಕಳು.

“ಯಾರೋ ಏನೋ ಅಂದ್ರು ಅಂತ ಹೀಗೆ ಓಡಾಡಬಾರದಪ್ಪ. ನಾನು ಕಣ್ಣಾರೆ ನೋಡಿದೀನಿ, ಬೋರ್ಡಿನ ಮೇಲೆ. ಗೋಡೆಗೆ ಏನೂ ಆಗಿಲ್ಲ.”

“ಆ ಫೋಟೋ ತೆಗೆದೋನು ನಾನೇ ಅಜ್ಜಿ.”

“ಹೌದಾ? ಹಾಗಾದ್ರೆ ನಿನಗೇ ಚೆನ್ನಾಗಿ ಗೊತ್ತಿರ್ಬೇಕಲ್ಲ,” ಎಂದು ಅಜ್ಜಿ ಮತ್ತೆ ಸೂಜಿಗೆ ದಾರ ಪೋಣಿಸಲು ಕೂತಳು.

ಹೊಸ್ತಿಲು ದಾಟಿ ಕೆಂಪು ನೀರು ಮಂಚದ ಕಾಲನ್ನು ಮುಟ್ಟಿತು. ನೀಟಪ್ಪ ಕೆಸರು ಮೆತ್ತಿದ ಚಪ್ಪಲಿಯಲ್ಲೇ ಒಳಗೆ ಹೋಗಿ, ಅವಳ ಮುಂದೆ ಬೆನ್ನು ಬಗ್ಗಿಸಿ ಕೂತು, ನನ್ನ ಹೆಗಲು ಹಿಡ್ಕೊಳ್ಳಿ ಅಜ್ಜಿ, ಹಿಡ್ಕೊಳ್ಳಿ ಎಂದು ಬೇಡಿಕೊಳ್ಳತೊಡಗಿದ.