ಆರನೇ ಸಾಲಿಗೆ ಕೇಳಿದ ದನಿ

ಕೋವಿಡ್ ಮುಗಿದು ರಂಗಮಂದಿರಗಳ ಬಾಗಿಲು ಮತ್ತೆ ತೆರೆದ ವರ್ಷ ಅದು. ನಾನಾಗ ದಾವಣಗೆರೆಯ ಒಂದು ವಾರಪತ್ರಿಕೆಗೆ ನಾಟಕ ವಿಮರ್ಶೆ ಬರೆಯುತ್ತಿದ್ದೆ. ಹುದ್ದೆ ಎಂದರೆ ಇಷ್ಟೇ: ಎಂ.ಸಿ.ಸಿ. ಬಡಾವಣೆಯ ಮನೆಯಲ್ಲಿ ಬೆಳಗಿನ ಅಡುಗೆ ಮುಗಿಸಿ, ಊಟದ ಮೇಜಿನ ಮೇಲೆ ಬರೆದು, ಸ್ಕೂಟರಿನಲ್ಲಿ ಹೋಗಿ ಕೊಟ್ಟು ಬರುವುದು.

ನಮ್ಮೂರಿನ ತಂಡವೊಂದು ಹಳೆಯ ಕಂಪನಿ ನಾಟಕವನ್ನು ಮತ್ತೆ ರಂಗಕ್ಕೆ ತಂದಿತ್ತು. ಅಮ್ಮನ ಕಾಲದಲ್ಲಿ ಈ ಸೀಮೆಯಲ್ಲೆಲ್ಲ ಕ್ಯಾಂಪ್ ಹಾಕಿ ಆಡಿದ್ದ ನಾಟಕ. ಒಗ್ಗರಣೆ ಹಾಕುವಾಗ ಅವಳ ಬಾಯಲ್ಲಿ ಅದರ ಮಾತುಗಳೇ. ಮೊದಲ ಪ್ರಯೋಗಕ್ಕೆ ಆರನೇ ಸಾಲಿನಲ್ಲಿ ಕುಳಿತೆ. ಪರದೆಯಂಚಿನ ಮಾಸಿದ ಜರಿ, ಅತ್ತಿಗೆ ಪಾತ್ರಧಾರಿಯ ಹಸಿರು ಬಳೆಯ ಸದ್ದು, ಎಲ್ಲ ಹಿತವಾಗಿತ್ತು. ಒಂದೇ ಕಿರಿಕಿರಿ: ನಟರು ಬಾಯಿ ತೆರೆಯುವ ಮುನ್ನವೇ ಅವರ ಮಾತು ಪಿಸುದನಿಯಲ್ಲಿ ಕೇಳಿಬರುತ್ತಿತ್ತು.

ಪ್ರಾಂಪ್ಟರ್ ಎಂದರೆ ಪಕ್ಕದ ಪರದೆಯ ಮರೆಯಲ್ಲಿ ನಿಂತು, ನಟರು ಮರೆತ ಮಾತನ್ನು ಮೆಲ್ಲಗೆ ನೆನಪಿಸುವವರು. ನಾನು ಓದಿದ ಕಾನ್ವೆಂಟಿನಲ್ಲಿ ಒಬ್ಬಳು ಇನ್ನೊಬ್ಬಳಿಗೆ ಮಾತು ಹೇಳಿಕೊಟ್ಟರೆ ಸಿಸ್ಟರ್ ಇಬ್ಬರ ಬೆರಳಿಗೂ ಸ್ಕೇಲಿನಿಂದ ಬಾರಿಸುತ್ತಿದ್ದರು. ಆ ಶಿಸ್ತಿನಲ್ಲೇ ಬರೆದುಬಿಟ್ಟೆ: ಪ್ರಾಂಪ್ಟರ್ ದನಿ ಆರನೇ ಸಾಲಿಗೂ ಕೇಳುತ್ತದೆ, ನಟರು ಮಾತು ಕಲಿತಿಲ್ಲ.

ಪತ್ರಿಕೆ ಹೊರಬಂದ ಮರುದಿನ ನಿರ್ದೇಶಕ ಮಂಜುನಾಥ್ ಪ್ರಾಂಪ್ಟರ್ ವೀರಭದ್ರಪ್ಪನವರನ್ನು ಕೆಲಸದಿಂದ ಬಿಡಿಸಿದರೆಂದು ತಿಳಿಯಿತು. ಎಪ್ಪತ್ತು ದಾಟಿದವರು, ಮೀಸೆ ಮೂಡಿದಾಗಿನಿಂದ ಇದೇ ನಾಟಕಕ್ಕೆ ಮಾತು ಹೇಳಿಕೊಟ್ಟವರು. ಕಿವಿಗೆ ಬಿದ್ದದ್ದು ಸುಳ್ಳಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಎರಡನೇ ಪ್ರಯೋಗ ಹರಿಹರದಲ್ಲಿ. ಮುಂದಿನ ಸಾಲುಗಳು ತುಂಬಿದ್ದರಿಂದ, ಕಡರನಾಯಕನಹಳ್ಳಿಯಿಂದ ಟೆಂಪೊ ಮಾಡಿಕೊಂಡು ಬಂದಿದ್ದ ಹೆಂಗಸರು ಹಿಂದಿನ ಸಾಲಿನಲ್ಲಿ ಸರಿದು ಕೂತು ನನಗೆ ಜಾಗ ಕೊಟ್ಟರು. ಪಕ್ಕದ ಕುರ್ಚಿಯಲ್ಲಿ ವೀರಭದ್ರಪ್ಪನವರೇ ಇದ್ದರು. ಮೊದಲ ಪ್ರಯೋಗದಂದು ವೇದಿಕೆಯಲ್ಲಿ ಅವರಿಗೆ ಶಾಲು ಹೊದಿಸಿದ್ದನ್ನು ನೋಡಿದ್ದರಿಂದ ಗುರುತು ಸಿಕ್ಕಿತು. ನಾನೇ ಬರೆದವಳು ಎಂದು ತಡವರಿಸಿ ಹೇಳಿದೆ.

"ಬರ್ರಿ, ಕೂಡ್ರಿ," ಎಂದರು. "ಇವತ್ತು ನಾ ಹೊರಗೆ ಕುಂತೀನಿ. ದನಿ ಒಳಗೆ ಐತೇನು, ನೀವ ಕೇಳ್ರಿ."

ಬಾಯಿಗೆ ಎಲೆಅಡಿಕೆ ತುಂಬಿಕೊಂಡು ತುಟಿ ಬಿಗಿದು ಕೂತರು.

ಎರಡನೇ ಅಂಕದಲ್ಲಿ ಅತ್ತಿಗೆ ಮೈದುನನ ಕಡೆ ತಿರುಗಿ ಉಸಿರೆಳೆದುಕೊಂಡಳು. ಅವಳಿಗಿಂತ ಮೊದಲೇ ನಮ್ಮ ಸಾಲಿನ ಹೆಂಗಸರೆಲ್ಲ ಪಿಸುಗುಟ್ಟಿದರು: "ಈ ಮನೀ ಬಾಗಿಲು ದೊಡ್ಡದು, ತಮ್ಮಾ..." ಮಡಿಲಲ್ಲಿ ಶೇಂಗಾ ಇಟ್ಟುಕೊಂಡ ಮುದುಕಿಯೊಬ್ಬರು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. "ಒಳಗೆ ಬಂದೋರ ಮನಸ್ಸು ಸಣ್ಣದು" ಎಂದು ಮುಗಿಸಿದ ದನಿಗಳಲ್ಲಿ ಒಂದು ನನ್ನದು. ಅಮ್ಮನ ಒಗ್ಗರಣೆಯ ಮಾತು ಅದು. ದಾವಣಗೆರೆಯ ಮೊದಲ ಪ್ರಯೋಗದಲ್ಲೂ ನಾನೇ ಎಷ್ಟು ಸಲ ಹೇಳಿದ್ದೆನೋ.

ವಿರಾಮದಲ್ಲಿ ಮಂಜುನಾಥ್ ಅವರ ಬಳಿಗೆ ಹೋಗಿ, ಮಾತು ಹೇಳಿಕೊಡುತ್ತಿರುವವರು ಪ್ರೇಕ್ಷಕರಾದ ನಾವೇ ಎಂದು ಒಪ್ಪಿಕೊಂಡೆ. ಅವರು ಮೂರನೇ ಅಂಕದ ಆರಂಭದಲ್ಲಿ ಸಭಾಂಗಣದ ಕೊನೆಗೆ ಬಂದು ನಿಂತು ಕೇಳಿದರು. ಆಮೇಲೆ ವೀರಭದ್ರಪ್ಪನವರ ಕೈ ಹಿಡಿದು ಒಳಗೆ ಕರೆದೊಯ್ದರು.

ಮುಂದಿನ ವಾರ ವಿಮರ್ಶೆ ಬಂದ ಜಾಗದಲ್ಲೇ ತಪ್ಪೊಪ್ಪಿಗೆ ಬರೆದೆ, ವೀರಭದ್ರಪ್ಪನವರ ಹೆಸರು ಹಾಕಿ. ಪತ್ರಿಕೆ ಬಂದ ಬೆಳಿಗ್ಗೆಯೇ ಅವರ ಫೋನ್ ಬಂತು.

"ಎಲ್ಲಾ ಚಲೋ ಬರ್ದೀರಿ ಅಕ್ಕಾರ. ಹೆಸರು ಯಾಕ ಹಾಕಿದ್ರಿ? ಪ್ರಾಂಪ್ಟರ್ ಹೆಸರು ಊರಿಗೆ ಗೊತ್ತಾತು ಅಂದ್ರೆ, ಅವ ಜೋರಾಗಿ ಹೇಳ್ಯಾನೆ ಅಂತ ಅರ್ಥ."

ಈಗ ಯಾವ ನಾಟಕವಾದರೂ ಒಂದು ಅಂಕವನ್ನು ಹಿಂದಿನ ಸಾಲಿನಲ್ಲಿ ಕೂತು ನೋಡಿದ ಮೇಲೆಯೇ ಬರೆಯುತ್ತೇನೆ. ತಪ್ಪು ಎನ್ನುವ ಮೊದಲು ದನಿ ಎಲ್ಲಿಂದ ಬಂತೆಂದು ತಿರುಗಿ ನೋಡಬೇಕು. ವಿಮರ್ಶೆಯ ಕೆಲಸ ನನಗೆ ಇದನ್ನು ಕಲಿಸಿತು, ಇನ್ನೊಬ್ಬರ ಅನ್ನಕ್ಕೆ ಕಲ್ಲು ಬಿದ್ದ ಮೇಲೆ.